ಬಚ್ಚಲ ಚಪ್ಪಲಿ

ನವರಾತ್ರಿ ಹತ್ತಿರ ಬಂದಾಗಲೇ ನನ್ನ ಮಗಳು ಅರ್ಚಿತಾಳ ಕಾಲ್ಬೆರಳ ಸಂದಿ ಬೆಳ್ಳಗಾಗಿ, ಸಿಪ್ಪೆ ಸುಲಿದು, ಕೆರೆತ ಶುರುವಾಯ್ತು. ನನಗೆ ಎಲ್ಲಿತ್ತೋ ಸಿಟ್ಟು! ಅವಳ ಗೆಳತಿ, ಎದುರುಮನೆ ಹುಡುಗಿ ಪೂರ್ವಿ ಬಾಗಿಲಲ್ಲೇ ನಿಂತಿದ್ದಳು. "ಬರಿಗಾಲಲ್ಲಿ ಊರೆಲ್ಲ ಸುತ್ತಿ ಇವಳಿಗೂ ಅಂಟಿಸಿದ್ಯಲ್ಲ! ಮೊದಲು ಕಾಲು ತೊಳ್ಕೋ ಹೋಗು," ಅಂತ ಹಿಂದಿಯಲ್ಲೇ ಗದರಿಸಿ ಕಳಿಸಿದೆ.

ವಡೋದರಾದ ನಮ್ಮ ಕಾಲೊನಿಯ ಗರ್ಬಾ ಕುಣಿತದಲ್ಲಿ ಇವರಿಬ್ಬರೂ ಜೋಡಿ. ಬೇಸಿಗೆ ರಜದಿಂದ ಕಲಿತಿದ್ದರು. "ಪೂರ್ವಿ ಇಲ್ದಿದ್ರೆ ನಾನೂ ಕುಣಿಯಲ್ಲ," ಅಂತ ಅರ್ಚಿತಾ ತಟ್ಟೆ ತಳ್ಳಿ ಮುಖ ಊದಿಸಿಕೊಂಡಳು.

ಡಾಕ್ಟರ್ ದೀಪ್ತಿಬೆನ್ ಕಾಲು ನೋಡಿ, "ಫಂಗಸ್. ಮನೇಲಿ ಇನ್ಯಾರಿಗಿದೆ?" ಅಂದರು.

"ಛೇ, ನಮ್ಮನೇಲಿ ಯಾರಿಗೂ ಇಲ್ಲ!" ಅಂತ ನಾನು ಹೇಳ್ತಿದ್ದ ಹಾಗೇ ಪಕ್ಕದಲ್ಲಿದ್ದ ನಮ್ಮ ಯಜಮಾನರು ಮೆಲ್ಲಗೆ ಕಾಲನ್ನ ಕುರ್ಚಿಯಡಿಗೆ ಎಳ್ಕೊಂಡರು. ದಿನವಿಡೀ ಕಾರ್ಖಾನೆ ಬೂಟಿನೊಳಗೆ ಬೇಯುವ ಕಾಲು. ಯಾವಾಗಿನಿಂದಲೋ ಕೆರೀತಿತ್ತಂತೆ, ಹೇಳ್ಕೊಳ್ಳೋಕೆ ನಾಚಿಕೆಯಂತೆ ಮಹಾರಾಯರಿಗೆ! ನಮ್ಮ ಬಚ್ಚಲಿಗೋ ಎಲ್ಲರಿಗೂ ಒಂದೇ ಜೊತೆ ರಬ್ಬರ್ ಚಪ್ಪಲಿ. ಅವರು ಸ್ನಾನ ಮಾಡಿ ಬಿಟ್ಟ ಒದ್ದೆ ಚಪ್ಪಲಿಗೇ ಮಗಳು ಕಾಲು ತೂರಿಸೋದು.

"ಇಬ್ಬರೂ ಕ್ರೀಮ್ ಹಚ್ಚಿ, ನಾನು ಹೇಳೋ ತನಕ ನಿಲ್ಲಿಸಬೇಡಿ. ಬೆರಳ ಸಂದಿ ಒಣಗಿರಲಿ. ಚಪ್ಪಲಿ, ಟವೆಲು ಬೇರೆ ಬೇರೆ. ಮಗು ಕುಣೀಲಿ, ಬರಿಗಾಲು ಮಾತ್ರ ಬೇಡ," ಅಂದರು ಡಾಕ್ಟರ್.

ಮನೆಗೆ ಬಂದವಳೇ ಆ ಚಪ್ಪಲಿ ಎತ್ತಿ ಬಿಸಾಕಿದೆ. ಯಜಮಾನರಿಗೂ ಸರಿಯಾಗಿ ಮಂಗಳಾರತಿ ಆಯ್ತು. ಆದರೆ ಎದುರುಮನೆಗೆ ಹೋಗಿ ತಪ್ಪಾಯ್ತು ಅನ್ನೋಕೆ ನನಗೆ ಬಾಯೇ ಬರಲಿಲ್ಲ.

ಮೊದಲ ದಿನದ ಗರ್ಬಾಕ್ಕೆ ಮೈದಾನದ ಅಂಚಲ್ಲಿ ಕೂತು ಅರ್ಚಿತಾಳಿಗೆ ಬಿಳಿ ಹತ್ತಿ ಸಾಕ್ಸ್ ಹಾಕ್ತಿದ್ದೆ. ಘಾಗ್ರಾ ಲಂಗದ ಕೆಳಗೆ ಸಾಕ್ಸ್ ಕಂಡು ಬರಿಗಾಲ ಮಕ್ಕಳೆಲ್ಲ ಕಿಸಕ್ಕನೆ ನಕ್ಕರು. ಇವಳ ಕಣ್ಣು ತುಂಬಿಬಂತು. "ಮನೆಗೆ ಹೋಗೋಣ ಅಮ್ಮಾ."

ಅಷ್ಟರಲ್ಲಿ ಪೂರ್ವಿ ಬಂದು ನನ್ನ ಮುಂದೆ ಕೂತು ಕಾಲು ಚಾಚಿದಳು. "ನನಗೂ ಸಾಕ್ಸ್ ಹಾಕಿ ಆಂಟಿ. ಜೋಡಿ ಅಲ್ವಾ, ಒಂದೇ ಥರ ಇರಬೇಕು."

ಚೀಲದಲ್ಲಿ ಇನ್ನೊಂದು ಹೊಸ ಜೊತೆ ಇತ್ತು. ತೆಗೆದೆ. ನಾನು ಅವಳ ಪಾದ ನೋಡ್ತಿದ್ದದ್ದು ಕಂಡು ಆ ಹುಡುಗಿ ಮೆಲ್ಲಗೆ ಅಂದಳು: "ಕಾಲು ತೊಳ್ಕೊಂಡೇ ಬಂದಿದೀನಿ ಆಂಟಿ."

ಆ ಪುಟ್ಟ ಪಾದ ನನ್ನ ಮಡಿಲಿಗೆ ಎಳ್ಕೊಂಡು, "ತಪ್ಪು ನಂದು ಕಣೇ ಕಂದಾ," ಅಂದೆ. ಅವಳು ಆಗಲೇ ಇನ್ನೊಂದು ಕಾಲನ್ನೂ ಚಾಚಿದ್ದಳು.