ಹಸಿರು ಚೀಟಿ ಬೇಕಾಗಿತ್ತು

“ಈ ಪುಸ್ತಕದಾಗಿನ ಹುಡುಗ ಮೂರು ಸಲ ಮಳ್ಯಾಗ ತೊಯ್ಸಿಕೊಂಡಾನ, ಒಂದ ಸಲಾನೂ ಸೀನಿಲ್ಲ. ಇದನ್ನ ಪಾಸ್ ಮಾಡಾಕ ಬರೂದಿಲ್ಲ,” ಅಂದ ಶರಣಬಸವ ಕಾಕಾ.

ನಿರ್ಮಲಾ ಕಟ್ಟೆಯ ಮೇಲೆ ಕೂತು ಚೀಲದಿಂದ ಹೊಸ ಕಾದಂಬರಿಗಳನ್ನು ಒಂದೊಂದಾಗಿ ತೆಗೆದಿಡುತ್ತಿದ್ದಳು. “ಸೀನಿದ್ರ ಪ್ರೀತಿ ಹೋಗ್ತೈತೇನ್ರಿ ಕಾಕಾ?”

“ಸೀನಲಾರದ ಹುಡುಗನ ಮ್ಯಾಲಿನ ನಂಬಿಕಿ ಹೋಗ್ತೈತಿ.”

ಹಾಗೆಂದವನೇ ‘ಏಳನೇ ಮಹಡಿಯ ಮುಂಗೋಪಿ’ಯ ಕೊನೆಯ ಪುಟಕ್ಕೆ ಅಂಟು ಸವರಿ, ಗುಲಾಬಿ ಚೀಟಿ ಒತ್ತಿ ಕೂರಿಸಿದ. ಗುಲಾಬಿ ಅಂದರೆ ವಾಪಸ್. ಹಸಿರು ಅಂದರೆ ಪಾಸ್. ಎರಡು ವರ್ಷದಲ್ಲಿ ಹಸಿರು ಬಿದ್ದದ್ದು ಮೂರೇ ಪುಸ್ತಕಕ್ಕೆ.

ಕಾಕಾ ದಾಂಡೇಲಿಯ ಕಾಗದದ ಮಿಲ್ಲಿನಲ್ಲಿ ಮೂವತ್ತೊಂದು ವರ್ಷ ತಪಾಸಣೆ ಮಾಡಿದವನು. ಉರುಳೆಯ ಅಂಚು ಹರಿಯುವುದು, ಬೆಳಕಿಗೆ ಹಿಡಿಯುವುದು, ನಾಲಿಗೆ ತುದಿಗೆ ಮುಟ್ಟಿಸುವುದು, ಚೀಟಿ ಬರೆಯುವುದು. ನಿವೃತ್ತಿಯಾದ ಮೇಲೆ ಕೈಗೆ ಕೆಲಸ ಇಲ್ಲದೆ ಆರು ತಿಂಗಳು ಮನೆಯ ಕ್ಯಾಲೆಂಡರು, ಗುಳಿಗೆ ಡಬ್ಬಿ, ಬಂದವರ ಲಗ್ನಪತ್ರಿಕೆ ಎಲ್ಲದರ ಮೂಲೆ ಹರಿದು ರುಚಿ ನೋಡಿದ. ಅದನ್ನು ನೋಡಲಾರದೆ ಪಕ್ಕದ ಮನೆಯ ಸುಶೀಲವ್ವನ ಮಗಳು ನಿರ್ಮಲಾ ನಾಲ್ಕು ಕಾದಂಬರಿ ತಂದುಕೊಟ್ಟಳು. ಆಕೆ ಹಳಿಯಾಳದ ಒಂದು ಗ್ರಂಥಾಲಯದಲ್ಲಿ ಕೆಲಸಕ್ಕಿದ್ದಳು. ಕಾಕಾ ತೆಗೆದುಕೊಂಡದ್ದು ಬರೀ ಹಾಳೆ ನೋಡುವುದಕ್ಕೆ. ಆದರೆ ಹಾಳೆ ನೋಡುವಾಗ ಅಕ್ಷರ ಅಡ್ಡ ಬಂದವು. ಬಂದವಲ್ಲ, ಇರಲಿ ಅಂತ ಓದಿದ. ಅಂದಿನಿಂದ ಆ ಗ್ರಂಥಾಲಯದ ಒಂದೊಂದು ಪ್ರೇಮ ಕಾದಂಬರಿಯಲ್ಲೂ ಕೊನೆಯ ಹಾಳೆಯ ಮೂಲೆ ಉಗುರಿನಷ್ಟು ಮಾಯ, ಪಕ್ಕದಲ್ಲಿ ಒಂದು ಚೀಟಿ.

“‘ಆರು ತಿಂಗಳ ಗಂಡ’ ಹೆಂಗಿತ್ರಿ?”

“ಇಡೀ ಹೋಟೆಲಿನ್ಯಾಗ ಒಂದ ಖೋಲಿ ಖಾಲಿ ಐತಂತ, ಖೋಲ್ಯಾಗ ಒಂದ ಮಂಚ ಐತಂತ. ಅದಕ್ಕ ಇಬ್ಬರೂ ಇಪ್ಪತ್ತೆರಡು ಪುಟ ಒದ್ದಾಡ್ತಾರ. ಒಂದು ಚಾಪಿ ಕೇಳಾಕ ಇಬ್ಬರಿಗೂ ಬಾಯಿ ಇರಲಿಲ್ಲೇನು? ಮತ್ತ ಆ ಹುಡುಗ ದೊಡ್ಡ ಕಂಪನಿ ಮಾಲಕಂತ. ನಾ ಮೊದಲಿಂದ ಕಡೀತನಕ ನೋಡೇನಿ ಮಗಳ, ಒಂದು ದಿನಾನೂ ಶಿಫ್ಟಿಗೆ ಹೋಗಿಲ್ಲ.”

“‘ಬ್ಲಾಕ್ ಮಾಡಿದ ಮೇಲೆ’?”

“ಅದು ಚಲೋ ಇತ್ತು. ಕಣ್ಣಾಗ ನೀರು ಬಂತು. ಆದ್ರ ಇಬ್ಬರೂ ಒಂದು ಫೋನ್ ಹಚ್ಚಿದ್ರ ನಲವತ್ತನೇ ಪುಟಕ್ಕ ಮುಗೀತಿತ್ತು. ಇನ್ನೂರು ಪುಟ ಹಾಳಿ ದಂಡ. ಮರ ಕಡದು ಮಾಡಿದ ಹಾಳಿ ಅದು. ಗುಲಾಬಿ.”

ಕಾಕಾಗೆ ತಿಳಿಯದ ಒಂದು ಸಂಗತಿ ನಿರ್ಮಲಾಗೆ ತಿಳಿದಿತ್ತು. ಗ್ರಂಥಾಲಯಕ್ಕೆ ಬರುವವರು ಮೊದಲು ಚೀಟಿ ಓದಿ ಆಮೇಲೆ ಪುಸ್ತಕ ಒಯ್ಯುತ್ತಿದ್ದರು. ಅದೂ ಗುಲಾಬಿ ಚೀಟಿಯದ್ದನ್ನೇ. ಹಸಿರಿನ ಮೂರು ಪುಸ್ತಕ ಕಪಾಟಿನಲ್ಲಿ ಧೂಳು ತಿನ್ನುತ್ತಿದ್ದವು.

ಆದರೆ ಈ ಸಲ ನಿರ್ಮಲಾಗೆ ಬೇಕಾದದ್ದು ಹಸಿರೇ.

“ಕಾಕಾ, ಒಂದು ಹಸಿರು ಚೀಟಿ ಬೇಕಾಗಿತ್ರಿ.”

“ಯಾವ ಪುಸ್ತಕಕ್ಕ?”

“ಪುಸ್ತಕಕ್ಕಲ್ರಿ. ನನಗ.”

ಈ ಮಾತಿನ ಬೇರು ಕೆಂಚವ್ವನ ಮನೆಯಲ್ಲಿತ್ತು. ಓಣಿಯ ಕೆಂಚವ್ವ ತನ್ನ ಮಗಳಿಗೆ ಬಂದ ವರನ ಬಯೋಡೇಟಾ ಓದಿ ಹೇಳು ಅಂತ ಕಾಕಾನ ಕೈಗೆ ಕೊಟ್ಟಿದ್ದಳು. ಕಾಕಾ ಓದುವ ಮೊದಲು ಬೆಳಕಿಗೆ ಹಿಡಿದ. ವಯಸ್ಸಿನ ಮೇಲೆ ಬಿಳಿ ಬಣ್ಣ ಸವರಿತ್ತು. ಮೂವತ್ತೊಂದರ ಕೆಳಗಿನಿಂದ ನಲವತ್ತೊಂದು ಇಣುಕುತ್ತಿತ್ತು. ಅಂದಿನಿಂದ ಕಾಕಾನ ಚೀಟಿ ಇಲ್ಲದೆ ಆ ಓಣಿಯಲ್ಲಿ ಹೆಣ್ಣು ಕೊಡುವುದಿಲ್ಲ, ತರುವುದೂ ಇಲ್ಲ. ಮುಂಡಗೋಡದ ಕಡೆಯ ಒಬ್ಬ ವರನ ಬಯೋಡೇಟಾ ಮೊನ್ನೆ ತಾನೇ ಪಾಸಾಗಿತ್ತು. ಹಾಳೆ ದಪ್ಪ, ಅಕ್ಷರ ಸ್ವಚ್ಛ. ಅವರು ಸೋಮವಾರ ನಿರ್ಮಲಾಳನ್ನು ನೋಡಲಿಕ್ಕೆ ಬರುವವರಿದ್ದರು.

ಅದನ್ನು ಕೇಳಿದ ನಿರ್ಮಲಾ ಅವ್ವನ ಮುಂದೆ ತಾನು ಮೆಚ್ಚಿದ ಜ್ಯೋತಿಬಾನ ಹೆಸರು ತೆಗೆದಳು. ಹಳಿಯಾಳದಿಂದ ಉಳವಿಗೆ ಹೋಗುವ ಸಂಜೆ ಬಸ್ಸಿನ ಕಂಡಕ್ಟರ್, ಸಾಂಬ್ರಾಣಿಯವನು. ಸುಶೀಲವ್ವ ಕೂಗಾಡಲಿಲ್ಲ, ಅಳಲಿಲ್ಲ. “ಶರಣಬಸಣ್ಣ ಚೀಟಿ ಕೊಟ್ರ ನಂದೇನೂ ತಕರಾರಿಲ್ಲವಾ. ಕೊಡಲಿಲ್ಲಂದ್ರ ಸೋಮವಾರ ಸೀರಿ ಉಟ್ಕೊಂಡು ಕೂಡು,” ಅಂದುಬಿಟ್ಟಳು.

ಕಾಕಾ ಎಲ್ಲಾ ಕೇಳಿ ಬಹಳ ಹೊತ್ತು ಗದ್ದ ತುರಿಸಿಕೊಂಡ. “ಬಯೋಡೇಟಾ ಬ್ಯಾರೆ ಮಾಲು. ಇದು ಕಾದಂಬರಿ ಮಾಲು. ನೀ ಪೂರಾ ಬರದು ತಾ. ಸಾಲಿ ಹುಡುಗೂರ ಹಾಳ್ಯಾಗ ಬ್ಯಾಡ, ಚಲೋ ಹಾಳ್ಯಾಗ.”

ಶುಕ್ರವಾರ ಗ್ರಂಥಾಲಯದಲ್ಲಿ ಜನ ಕಡಿಮೆ. ನಿರ್ಮಲಾ ಹನ್ನೆರಡು ಹಾಳೆ ಬರೆದಳು. ಶನಿವಾರ ಸಂಜೆ ಕಾಕಾ ಹನ್ನೆರಡರ ಮೂಲೆಯನ್ನೂ ಹರಿದು, ರುಚಿ ನೋಡಿ, ಓದಿ, ಗುಲಾಬಿ ಚೀಟಿ ಅಂಟಿಸಿ ಕೊಟ್ಟ.

ಆಕೆ ಚೀಟಿ ತಿರುವಿ ನೋಡಿದಳು. “ಏನಾತ್ರಿ?”

“ನೀನ ಓದು. ಮೊದಲನೇ ಅಧ್ಯಾಯ.”

“‘ಮುಂದ ಹೋಗ್ರಿ ಮೇಡಮ್ ಅಂದರು. ನಾನು ಮುಂದೆ ಹೋದೆ.’”

“ಎರಡನೇದ್ದು?”

“‘ಕಿಡಕಿ ಬದಿಯ ಸೀಟಿಗೆ ತಮ್ಮ ಟಾವೆಲ್ ಹಾಕಿ ಹಿಡಿದಿದ್ದರು. ನಾನು ಕೂತೆ.’”

“ಮೂರನೇದ್ದೂ ಕೂತಿ. ನಾಕನೇದ್ದೂ ಕೂತಿ. ಒಂಬತ್ತನೇ ಅಧ್ಯಾಯದಾಗ ಅಂವ ಟಾವೆಲ್ ಸಾಬೂನು ಹಚ್ಚಿ ಒಗದು ಹಾಕ್ಯಾನ, ಅದಷ್ಟ ಹೊಸಾದು. ಎಲ್ಲೈತಿ ಮಳಿ? ಎಲ್ಲೈತಿ ಜಗಳಾ? ಹುಡುಗಿ ಒಂದು ಸಲ ಎಡವಿ ಬಿದ್ದಿಲ್ಲಲ್ಲ!”

“ಬೀಳೋ ಹುಡುಗಿ ಪುಸ್ತಕ ನೀವ ವಾಪಸ್ ಮಾಡೀರಲ್ರಿ! ಹನ್ನೊಂದು ಸಲ ಬಿದ್ದಾಳ, ತೋಲ ತಪ್ಪೇತಿ, ಮೊದಲ ಕಿವಿ ಡಾಕ್ಟರಗ ತೋರಸ್ರಿ ಅಂತ ನೀವ ಚೀಟಿ ಬರದೀರಿ!”

“ಹೌದು, ಬರದೇನಿ. ದೋಷ ಇತ್ತು, ಬರದೆ. ನಿಂದರಾಗ ದೋಷಾನ ಇಲ್ಲ.” ಕಾಕಾ ದನಿ ತಗ್ಗಿಸಿದ. “ಮೂವತ್ತೊಂದು ವರ್ಷದಾಗ ದೋಷ ಇಲ್ಲದ ಉರುಳಿ ನಾ ಒಂದೂ ನೋಡಿಲ್ಲ. ಯಾರರ ಇಲ್ಲ ಅಂದ್ರ ಒಂದೋ ತಪಾಸಣಿ ಮಾಡಾಂವ ಮಲಗ್ಯಾನ, ಇಲ್ಲಾ ಮಾಲು ಖೊಟ್ಟಿ. ನಾ ಮಲಗಿಲ್ಲ. ನಾಳೆ ಹುಡುಗನ್ನ ಕರಕೊಂಡು ಬಾ. ಒಂದರ ದೋಷ ಸಿಗಲಿ, ಆಮ್ಯಾಲ ಹಸಿರಿನ ಮಾತು ನೋಡೂಣು.”

ಭಾನುವಾರ ಕಾಕಾ ಸುಶೀಲವ್ವನ ಮನೆಯಲ್ಲೇ ಬಂದು ಕೂತ. ಜ್ಯೋತಿಬಾ ರಜೆ ಹಾಕಿ ಅಲ್ಲಿಗೇ ಬಂದ. ಇಸ್ತ್ರಿ ಮಾಡಿದ ಅಂಗಿ, ಎಣ್ಣೆ ಹಚ್ಚಿ ಬಾಚಿದ ಕೂದಲು. ಬಾಗಿಲಲ್ಲೇ ನಿಂತು ನಿರ್ಮಲಾಳನ್ನು ನೋಡಿ, “ಒಳಗ ಬರಲ್ರಿ ಮೇಡಮ್?” ಅಂದ. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಸುಶೀಲವ್ವ ಆ ‘ಮೇಡಮ್’ ಕೇಳಿ ಬಡಿಯುವುದನ್ನು ನಿಲ್ಲಿಸಿದಳು.

ಕಾಕಾ ಇಬ್ಬರನ್ನೂ ಎದುರುಬದುರು ಕೂರಿಸಿದ. “ಹಂ. ಜಗಳಾಡ್ರಿ.”

ಜ್ಯೋತಿಬಾ ಕೈಮುಗಿದ. “ಯಾತಕ್ರಿ ಕಾಕಾ?”

“ಯಾತಕ್ಕರ ಆಗಲಿ. ಬಸ್ಸಿನ್ಯಾಗ ಜನರ ಜೋಡಿ ದಿನಾ ಆಡಂಗಿಲ್ಲೇನು?”

ಜ್ಯೋತಿಬಾ ಗಂಟಲು ಸರಿಮಾಡಿಕೊಂಡು ನಿರ್ಮಲಾಳ ಕಡೆ ತಿರುಗಿದ. “ಮೇಡಮ್, ನಿಮ್ಮದ ತಪ್ಪೈತಿ... ಅಂತ ನಾ ಅಂದ್ರ ಬ್ಯಾಸರಾ ಮಾಡ್ಕೋಬ್ಯಾಡ್ರಿ.”

“ಇಲ್ರಿ,” ಅಂದಳು ನಿರ್ಮಲಾ.

ಕಾಕಾ ಹಣೆ ಬಡಿದುಕೊಂಡ. ಒಲೆಯ ಕಡೆಯಿಂದ ಸುಶೀಲವ್ವ, “ಮುಂಡಗೋಡದವರು ನಾಳೆ ಹತ್ತು ಗಂಟೇಕ್ಕ ಬರ್ತಾರಂತ,” ಅಂತ ಯಾರಿಗೂ ಅಲ್ಲದಂತೆ ಹೇಳಿದಳು.

ನಿರ್ಮಲಾಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದು ಒಳಗೆ ಹೋಗಿ ಒಂದು ಬಿಸ್ಕೀಟಿನ ಡಬ್ಬಿ ತಂದು ಕಾಕಾನ ಮುಂದೆ ಇಟ್ಟಳು. ಹೆಣ್ಣುಮಕ್ಕಳಿಗೆ ಬಸ್ಸು ಬಿಟ್ಟಿಯಾದ ಮೇಲೆ ಮಷಿನ್ನಿನಿಂದ ಹರಿದು ಕೊಡುವ ಸೊನ್ನೆ ರೂಪಾಯಿಯ ಟಿಕೀಟುಗಳು. ಎರಡು ವರ್ಷದ ಸಂಜೆಗಳವು, ಒಂದೂ ಬಿಡದೆ ಕೂಡಿಟ್ಟಿದ್ದಳು. “ಇವು ಖೊಟ್ಟಿ ಅಲ್ರಿ ಕಾಕಾ. ತಾರೀಖ ಐತಿ, ವ್ಯಾಳೆ ಐತಿ. ನೋಡ್ರಿ.”

ಕಾಕಾ ಮುಚ್ಚಳ ತೆರೆದ. ಒಂದು ಟಿಕೀಟು ತೆಗೆದ, ತಿರುವಿದ, ಇನ್ನೊಂದು ತೆಗೆದ. ಎಲ್ಲಾ ಬಿಳೀ ಹಾಳೆ. ಮಷಿನ್ನಿನ ಅಕ್ಷರ ಯಾವಾಗಲೋ ಹಾರಿಹೋಗಿದ್ದವು.

“ಅಯ್ಯೋ, ಇವನ್ನ ಯಾಕ ಇಟ್ಕೊಂಡ್ರಿ ಮೇಡಮ್?” ಅಂದ ಜ್ಯೋತಿಬಾ ಮರುಕದಿಂದ. “ಇಳದ ಮ್ಯಾಲ ಟಿಕೀಟು ಕಸ ಅಲ್ರಿ?”

“ಕಸಾ?”

“ಅಲ್ರಿ, ನಾವು ಡಿಪೋದಾಗ ದಿನಾ ಸಂಜೀಕ ಕಸಬರಿಗ್ಯಾಗ...”

“ಕಸಬರಿಗ್ಯಾಗ! ಎರಡು ವರ್ಷ ನಾ ಡಬ್ಬ್ಯಾಗ ಕಸಾ ಕೂಡಿಟ್ಟೆನೇನೋ? ನಿನ್ನ ಆ ನಾರೋ ಟಾವೆಲ್ ಮ್ಯಾಲ ಕೂತು ಕೂತು ನನಗ ಬುದ್ಧಿ ಇಲ್ಲದಂಗ ಆಗೇತಿ!”

“ಟಾವೆಲ್ ಸುದ್ದಿಗೆ ಬರಬ್ಯಾಡ್ರಿ ಮತ್ತ! ಅದು ನಮ್ಮ ಆಯಿ ಕೊಟ್ಟದ್ದು!”

“ಜಗಳಾ!” ಅಂತ ಸುಶೀಲವ್ವ ಹಿಟ್ಟಿನ ಕೈ ಎತ್ತಿ ತೋರಿಸಿದಳು. “ಅಣ್ಣಾ, ಜಗಳಾ ಆತು ನೋಡು!”

ಕಾಕಾ ತಲೆ ಅಲ್ಲಾಡಿಸಿದ. “ಇದು ತಪಾಸಣಿ ಟೇಬಲ್ ಮ್ಯಾಲ ಬಿದ್ದ ಗೀರು ತಂಗಿ. ಮಾಲಿನ ಲೆಕ್ಕಕ್ಕ ಬರಂಗಿಲ್ಲ.” ಆದರೂ ಅವನ ಕಣ್ಣು ಬಿಳೀ ಟಿಕೀಟಿನ ಮೇಲೇ ಇತ್ತು. ಮೂಲೆ ಹರಿದ, ನಾಲಿಗೆಗೆ ಮುಟ್ಟಿಸಿದ, ಮುಖ ಕಿವುಚಿದ. “ಇದು ಶಾಯಿ ಹಾಳಿ ಅಲ್ಲ. ಕಾವಿನ ಹಾಳಿ. ಕಾವಿನಿಂದ ಬಂದದ್ದು ಕಾವಿಗೇ ಬರಬೇಕು. ಸುಶೀಲಾ, ಆ ಹೆಂಚು ಖಾಲಿ ಮಾಡು.”

“ನನ್ನ ರೊಟ್ಟಿ ಹೆಂಚಿನ ಮ್ಯಾಲ ಬಸ್ಸಿನ ಟಿಕೀಟಾ? ತಲಿಗಿಲಿ ಕೆಟ್ಟೈತೇನೋ ಅಣ್ಣಾ ನಿನಗ?”

ಆದರೆ ಅಷ್ಟರಲ್ಲಿ ಕಾಕಾ ಇಕ್ಕಳದಲ್ಲಿ ಟಿಕೀಟು ಹಿಡಿದು ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಾಗಿತ್ತು. ಹಾಳೆ ಹೆಂಚಿಗೆ ತಾಗಿದ್ದೇ ತಡ, ಮೊದಲು ಬೂದಿ, ಆಮೇಲೆ ಕಪ್ಪು. ಆ ಕಪ್ಪಿನಲ್ಲಿ ಅಳಿಸಿಹೋಗಿದ್ದ ಅಕ್ಷರಗಳಷ್ಟೇ ಬೆಳ್ಳಗೆ ಉಳಿದವು. ಕಾಕಾ ಎತ್ತಿ ಓದಿದ: “ಹಳಿಯಾಳ, ದಾಂಡೇಲಿ, ಸೊನ್ನೆ.”

ನಿರ್ಮಲಾ ಜಗಳ ಮರೆತು ಹತ್ತಿರ ಬಂದಳು. ಜ್ಯೋತಿಬಾನೂ ಬಂದ. ಬೈಯುತ್ತ ಬೈಯುತ್ತಲೇ ಸುಶೀಲವ್ವ ಉರಿ ಸಣ್ಣಗೆ ಮಾಡಿದಳು, ಹೊತ್ತಿಕೊಂಡೀತು ಅಂತ. ಎರಡನೆಯದು ಬೆಂದಿತು, ಮೂರನೆಯದು ಬೆಂದಿತು. ಹಳಿಯಾಳ, ದಾಂಡೇಲಿ, ಸೊನ್ನೆ. ಹಳಿಯಾಳ, ದಾಂಡೇಲಿ, ಸೊನ್ನೆ.

“ಇದರಾಗೂ ದೋಷ ಇಲ್ಲ,” ಅಂತ ಕಾಕಾ ಉಸಿರುಬಿಟ್ಟ. ನಿರ್ಮಲಾಗೆ ಸೋಮವಾರದ ಸೀರೆಯ ಬಣ್ಣ ಕಣ್ಣಿಗೆ ಕಟ್ಟಿತು.

ಹದಿನಾಲ್ಕನೆಯದನ್ನು ಎತ್ತಿದಾಗ ಕಾಕಾ ಓದಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ.

“ಹಳಿಯಾಳ,” ಅಂದ. “ಉಳವಿ.”

ಜ್ಯೋತಿಬಾ ಮೆಲ್ಲಗೆ ನೆಲದ ಮೇಲೆ ಕೂತುಬಿಟ್ಟ.

“ನಾ ಉಳವಿಗೆ ಹೋಗೇ ಇಲ್ಲಲ್ರಿ!” ಅಂದಳು ನಿರ್ಮಲಾ. “ದಿನಾ ದಾಂಡೇಲಿಯಾಗ ಇಳೀತೇನಿ.”

“ತಪ್ಪಾತ್ರಿ,” ಅಂದ ಜ್ಯೋತಿಬಾ ಅಂಗೈ ನೋಡಿಕೊಳ್ಳುತ್ತ. “ಆರು ವರ್ಷದ ನೌಕರ್‍ಯಾಗ ಅದೊಂದ ತಪ್ಪು ಟಿಕೀಟ್ರಿ. ಅವತ್ತ ಮೇಡಮ್ ಒಂದು ಚೀಟಿ ಓದಿ ಹೇಳಿದ್ರು. ಹುಡುಗಿ ಹನ್ನೊಂದು ಸಲ ಬಿದ್ದಾಳ, ಮೊದಲ ಕಿವಿ ಡಾಕ್ಟರಗ ತೋರಸ್ರಿ ಅಂತ. ಹೇಳಿ ನಕ್ಕರು. ಅದಕ್ಕಿಂತ ಮೊದಲ ಅವರು ನಕ್ಕದ್ದು ನಾ ನೋಡಿರಲಿಲ್ರಿ. ನನ್ನ ಬಟ್ಟು ಮಷಿನ್ನಿನ್ಯಾಗ ಉಳವಿ ಮ್ಯಾಲ ಬಿತ್ತು.”

“ತಪಾಸಣ್ಯಾವ್ರು ಬಸ್ ಹತ್ತಿದ್ರ?” ಸುಶೀಲವ್ವ ಕೇಳಿದಳು. ಕೈಯ ಹಿಟ್ಟು ಒಣಗುತ್ತಿತ್ತು.

“ನೌಕರಿಗೆ ಕುತ್ತು ಬರ್ತಿತ್ರಿ ಅವ್ವಾರ.”

“ಹಂಗಾರ ವಾಪಸ್ ಇಸ್ಕೊಂಡು ಬ್ಯಾರೆ ಯಾಕ ಕೊಡಲಿಲ್ಲ?”

“ಅಷ್ಟರಾಗ ಅವರು ಮಡಚಿ ಪರ್ಸಿನ್ಯಾಗ ಇಟ್ಕೊಂಡ್ರು. ಕೇಳಿದ್ರ ನಗೂದು ನಿಲ್ತಿತ್ರಿ. ದಾಂಡೇಲಿ ಮಟಾ ನನ್ನ ಎದಿ ದಡಾದಡಾ ಹೊಡ್ಕೋತಿತ್ತು. ತಪಾಸಣ್ಯಾವರಿಗೆ ಅಂಜಿ ಅಂತ ತಿಳ್ಕೊಂಡಿದ್ದೆ.”

ಹೆಂಚು ಖಾಲಿ ಕಾಯುತ್ತಿತ್ತು.

“ದೋಷ!” ಅಂತ ಕಾಕಾ ಒಮ್ಮೆಲೆ ಎದ್ದು ನಿಂತ. ಹಸಿರು ಚೀಟಿ ಕಿಸೆಯಿಂದ ಹೊರಗೆ ಬಂತು, ಪೆನ್ಸಿಲ್ ಕಿವಿಯ ಮೇಲಿಂದ ಇಳಿಯಿತು. ಆದರೆ ಪೆನ್ಸಿಲ್ ಚೀಟಿಯ ಮೇಲೆ ಬಂದು ನಿಂತುಬಿಟ್ಟಿತು.

“ಏನಾತ್ರಿ ಕಾಕಾ?”

“ಆ ಚೀಟಿ ಬರದಾಂವ ನಾ ಅಲ್ಲೇನು?” ಕಾಕಾನ ಮುಖ ಬಾಡಿತು. “ಅಂದ್ರ ಈ ದೋಷದಾಗ ನನ್ನ ಕೈ ಐತಿ. ತನ್ನ ಕೈ ಹತ್ತಿದ ಮಾಲನ್ನ ತಾನ ಪಾಸ್ ಮಾಡಂಗಿಲ್ಲ ಮಗಳ. ಮೂವತ್ತೊಂದು ವರ್ಷ ಮಾಡಿಲ್ಲ. ಬ್ಯಾರೇದವರ ಬರೀಬೇಕು.”

“ಯಾರ್ರಿ? ನಾಳೆ ಸೋಮವಾರ!”

ಕಾಕಾ ಓಣಿಯವರನ್ನೆಲ್ಲ ಮನಸ್ಸಿನಲ್ಲೇ ಎಣಿಸಿದ. ಕೆಂಚವ್ವನಿಗೆ ಓದು ಬರುವುದಿಲ್ಲ. ಉಳಿದವರಿಗೆ ಹಾಳೆ ತಿಳಿಯುವುದಿಲ್ಲ. ಕೊನೆಗೆ ಅವನ ಕಣ್ಣು ಒಲೆಯ ಮೇಲೆ ಬಿತ್ತು. “ಹೆಂಚು ಯಾರದೈತಿ, ಅವರು.”

ಸುಶೀಲವ್ವ ಸೆರಗಿಗೆ ಕೈ ಒರೆಸಿಕೊಂಡು ಬಂದಳು. ಹಸಿರು ಚೀಟಿಯನ್ನು ತಿರುವಿ ನೋಡಿ ಕಾಕಾನಿಗೇ ವಾಪಸ್ ಕೊಟ್ಟಳು.

“ಗುಲಾಬಿ ಕೊಡಿಲ್ಲೆ.”

“ಅವ್ವಾ!”

“ಏನ ಅವ್ವಾ? ನಿನ್ನ ಲೈಬ್ರರ್‍ಯಾಗ ಹಸಿರು ಚೀಟಿ ಪುಸ್ತಕಾ ಯಾರೂ ಮುಟ್ಟಂಗಿಲ್ಲ ಅಂತ ನೀನ ಹೇಳಿದ್ದಿ. ಗುಲಾಬಿಗೆ ಪಾಳಿ ಹಚ್ತಾರಂತ.”

“ಹೌದೇನ?” ಅಂದ ಕಾಕಾ, ಸಿಡಿಲು ಬಡಿದವನಂತೆ.

ಸುಶೀಲವ್ವ ಗುಲಾಬಿ ಚೀಟಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಒಂದೊಂದೇ ಅಕ್ಷರ ಒತ್ತಿ ಬರೆದಳು: ಇರಲಿ. ಪರಾತದ ಬದಿಗೆ ಅಂಟಿದ್ದ ಹಸಿ ಹಿಟ್ಟನ್ನೇ ಅಂಟು ಮಾಡಿ ಕಪ್ಪು ಟಿಕೀಟಿನ ಬೆನ್ನಿಗೆ ಹಚ್ಚಿದಳು.

“ಮುಂಡಗೋಡದವರಿಗೆ ಫೋನ್ ಹಚ್ಚಿ ಕೊಡು. ಬರಬ್ಯಾಡ್ರಿ ಅಂತ ನಾನ ಹೇಳ್ತೇನಿ,” ಅಂದಳು ಮಗಳಿಗೆ. ಆಮೇಲೆ ಜ್ಯೋತಿಬಾನ ಕಡೆ ತಿರುಗಿ, “ಉಳವಿ ಮಟಾ ಟಿಕೀಟ ಕೊಟ್ಟಿ ಹೌದಲ್ಲ? ದಾಂಡೇಲಿಯಾಗ ಇಳಿಸಿಬಿಟ್ಟಿ. ಉಳದ ಹಾದಿ ಕರಕೊಂಡು ಹೋಗಬೇಕು.”

“ಹೋಗೂಣ್ರಿ ಮೇಡಮ್,” ಅಂದ ಜ್ಯೋತಿಬಾ ನಿರ್ಮಲಾಳ ಕಡೆ ನೋಡಿ.

“ಮತ್ತ ಮೇಡಮ್!” ಅಂದಳು ನಿರ್ಮಲಾ.

ಸುಶೀಲವ್ವ ಹೆಂಚನ್ನು ಬೂದಿ ಹಚ್ಚಿ ತಿಕ್ಕಿ ತೊಳೆದು ಮತ್ತೆ ಒಲೆಗೆ ಏರಿಸಿದಳು. ಮೊದಲ ರೊಟ್ಟಿ ಉಬ್ಬಿ ಬಂದದ್ದನ್ನು ತಾಟಿಗೆ ಹಾಕಿ ಕಾಕಾನ ಮುಂದೆ ಸರಿಸಿದಳು. ಕಾಕಾ ಅದರ ಅಂಚು ಉಗುರಿನಷ್ಟು ಹರಿದ, ಕಿಡಕಿಯ ಬೆಳಕಿಗೆ ಎತ್ತಿ ಹಿಡಿದು ಒಂದು ಕಣ್ಣು ಮುಚ್ಚಿದ. ಮೂವರೂ ಅವನನ್ನೇ ನೋಡುತ್ತ ನಿಂತರು. ಕಾಕಾ ತುಂಡನ್ನು ನಾಲಿಗೆಗೆ ಮುಟ್ಟಿಸಿದ, ಸ್ವಲ್ಪ ಹೊತ್ತು ವಿಚಾರ ಮಾಡಿದ, ಆಮೇಲೆ ಚಟ್ನಿ ಹಚ್ಚಿಕೊಂಡು ಬಾಯಿಗೆ ಹಾಕಿಕೊಂಡ.