ಫಲಾನುಭವಿ ವೇದಿಕೆಗೆ ಬರಬೇಕು

ಬಲಗೈಯಲ್ಲಿ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಹಿರಿಯರು ಹೇಳಿ ಹೋದರು, ಪಾಪ. ಅವರು ನಮ್ಮ ಹೊಂಬೆಳಕು ಕನ್ನಡ ಬಳಗವನ್ನು ನೋಡಿರಲಿಲ್ಲ. ಇಲ್ಲಿ ಎಡಗೈಗೆ, ಬಲಗೈಗೆ, ಜೊತೆಗೆ ಫೋಟೋ ತೆಗೆಯುವವನಿಗೆ ಗೊತ್ತಾಗದಿದ್ದರೆ ಅದು ದಾನವೇ ಅಲ್ಲ.

ನಾನು ಶಾಂತವ್ವ. ಪರದೇಶದ ಪಾಮರ್ಸ್ಟನ್ ನಾರ್ತ್ ಎಂಬ ಊರಿನಲ್ಲಿ, ಜೈಲಿನಿಂದ ಹೊರಬಂದ ಹೆಂಗಸರು ಉಳಿಯುವ ಒಂದು ಮನೆಯಲ್ಲಿ ಕೆಲಸ ಮಾಡುತ್ತೇನೆ. ಪರೋಲ್ ಸಿಗಬೇಕಾದರೆ ಒಂದು ವಿಳಾಸ ಬೇಕು. ಯಾರೂ ಬಾಗಿಲು ತೆರೆಯದವರಿಗೆ ನಮ್ಮ ಮನೆಯೇ ವಿಳಾಸ. 2016ರಲ್ಲಿ ಸರ್ಕಾರದ ಅನುದಾನ ನಿಂತಿತು. ಹೇಳಲು ಬಂದ ಅಧಿಕಾರಿ ನಾವು ಕೊಟ್ಟ ಚಹಾ ಕುಡಿದು, ಬಿಸ್ಕತ್ತು ತಿಂದು, "ನಿಮ್ಮ ಕೆಲಸ ಅದ್ಭುತ" ಅಂದಳು. ಅದ್ಭುತವನ್ನು ಮನೆ ಮಾಲೀಕ ಬಾಡಿಗೆಗೆ ಹಿಡಿದುಕೊಳ್ಳುವುದಿಲ್ಲವಲ್ಲ!

ಮನೆ ಮುಚ್ಚಿದರೆ ಉಳಿದವರು ಅಕ್ಕನದೋ ಚಿಕ್ಕಮ್ಮನದೋ ಕಾಲು ಹಿಡಿದು ಹೇಗೋ ಹೊಂದಿಸಿಕೊಳ್ಳುತ್ತಿದ್ದರು. ವಚನಾಗೆ ಯಾರೂ ಇರಲಿಲ್ಲ. ಅವಳು ಮತ್ತೆ ಜೈಲಿನ ಒಳಗೇ ಹೋಗಬೇಕಾಗುತ್ತಿತ್ತು.

ವಚನಾ ನಮ್ಮವಳೇ, ಹುಬ್ಬಳ್ಳಿಯವಳು. ಆಫೀಸಿನ ಹಣಕ್ಕೆ ಕೈ ಹಾಕಿ ಸಿಕ್ಕಿಬಿದ್ದವಳು. ಗಂಡ ಚನ್ನವೀರ ಬಾಗಿಲು ಹಾಕಿಕೊಂಡ. ಎಂಟು ವರ್ಷದ ಮಗಳು ಅಪೂರ್ವಾಗೆ, "ಅಜ್ಜಿಗೆ ಆರಾಮಿಲ್ಲ, ಅಮ್ಮ ನೋಡಿಕೊಳ್ಳಲು ಊರಿಗೆ ಹೋಗಿದ್ದಾಳೆ" ಅಂದ. ಬಳಗದವರಿಗೂ ಅದನ್ನೇ ಹೇಳಿದ. ಇಷ್ಟು ದಿನ ಯಾವ ಅಜ್ಜಿ ಮಲಗಿರುತ್ತಾಳೆ ಅಂತ ಒಬ್ಬರಾದರೂ ಕೇಳಬೇಡವೇ? ಕೇಳಲಿಲ್ಲ.

ನಾನು ಬಳಗದ ಅಧ್ಯಕ್ಷ ಬದರಿನಾಥರ ಹತ್ತಿರ ಹೋದೆ. ಬೆಂಗಳೂರಿನವರು, ಮಾತು ಬೆಣ್ಣೆ.

"ಕೊಡೋಣ ಮೇಡಂ, ಖಂಡಿತ ಕೊಡೋಣ. ಯುಗಾದಿ ಕಲೆಕ್ಷನ್ ಪೂರ್ತಿ ನಿಮಗೇನೇ. ಆದ್ರೆ ಫಲಾನುಭವಿ ಒಬ್ರು ಸ್ಟೇಜ್ ಮೇಲೆ ಬರ್ಬೇಕು. ಶಾಲು ಹೊದಿಸಿ, ಚೆಕ್ ಕೊಟ್ಟು, ಒಂದು ಫೋಟೋ ಆದ್ರೇನೇ ಮೆಂಬರ್ಸ್‌ಗೆ ಸಮಾಧಾನ."

"ಜೈಲಿನಿಂದ ಬಂದೋರ್ರೀ ಅವರು. ನಾಕ್ ಮಂದಿ ಮುಂದ ಹೆಂಗ ನಿಂದರ್ತಾರ?"

"ಅಯ್ಯೋ, ನಮ್ಮೋರು ಯಾರೂ ಅಲ್ವಲ್ಲ ಮೇಡಂ! ಇಲ್ಲಿಯವರಿಗೆ ಅದೆಲ್ಲ ಏನೂ ಅನ್ಸಲ್ಲ."

ವಚನಾಳ ಹೆಸರು ಹೇಳುವುದು ನನ್ನ ಕೆಲಸವಲ್ಲ. ಚೀಲ ಎತ್ತಿಕೊಂಡು ಹೊರಟೆ.

ಮನೆಗೆ ಬಂದು ಕೇಳಿದರೆ, "ನಾನೇನು ಮೃಗಾಲಯದ ಪ್ರಾಣಿಯಾ?" ಅಂತ ಅಲ್ಲಿ ಉಳಿದಿದ್ದ ಟೀನಾ ಎದ್ದೇ ಹೋದಳು. ಸರಿಯಾಗಿಯೇ ಕೇಳಿದ್ದಳು. ಚಪಾತಿ ಲಟ್ಟಿಸುತ್ತಿದ್ದ ವಚನಾ ತಲೆ ಎತ್ತದೆ, "ನಾ ಬರ್ತೀನ್ರಿ ಆಂಟಿ" ಅಂದಳು.

"ಹುಚ್ಚಿ! ನಿನ್ನ ಗಂಡ ಅಲ್ಲೇ ಇರ್ತಾನ. ಮಗಳು ಡಾನ್ಸ್ ಮಾಡಾಕಿ ಅದಾಳ."

"ಅದಕ್ಕ ಬರ್ತೀನಿ. ಮತ್ತ ಒಳಗ ಹೋದ್ರ ಆಕಿನ್ನ ಯಾವಾಗ ನೋಡ್ಲಿ?"

ಬದರಿನಾಥರಿಗೆ ಫೋನ್ ಮಾಡಿ, ಒಬ್ಬಳು ಬರುತ್ತಾಳೆ ಅಂದೆ. ಹೆಸರು ಹೇಳಲಿಲ್ಲ.

ಯುಗಾದಿಯ ದಿನ ಹಾಲ್ ತುಂಬಿತ್ತು. ಮೊದಲು ಪಾಯಸದ ಪ್ರಾಯೋಜಕರಿಗೆ ಶಾಲು, ಆಮೇಲೆ ಕುರ್ಚಿ ಹೊಂದಿಸಿದವರಿಗೆ ಶಾಲು, ಮೈಕ್ ಹಿಡಿದು ಹಲೋ ಹಲೋ ಅಂದವನಿಗೂ ಶಾಲು. ಕೊನೆಗೆ ಬದರಿನಾಥರು, "ದಾರಿ ತಪ್ಪಿದ ಅಭಾಗಿನಿಯರಿಗೆ ನಮ್ಮ ಸಂಸ್ಕೃತಿಯ ಬೆಳಕು" ಅಂತ ಶುರು ಮಾಡಿ, ಅಭಾಗಿನಿಯರು ಮುದುಕಿಯರಾಗುವಷ್ಟು ಹೊತ್ತು ಮಾತಾಡಿದರು.

"ಈಗ ಫಲಾನುಭವಿ ವೇದಿಕೆಗೆ ಬರಬೇಕು!"

ವಚನಾ ಮೆಟ್ಟಿಲು ಹತ್ತಿದಳು.

ಬದರಿನಾಥರ ಕೈಯಲ್ಲಿ ಶಾಲು ಅರ್ಧ ಬಿಚ್ಚಿಕೊಂಡೇ ನಿಂತುಹೋಯಿತು. ಅವಳ ಮನೆಯಲ್ಲಿ ಎಷ್ಟು ಹೋಳಿಗೆ ತಿಂದಿದ್ದರೋ ಪುಣ್ಯಾತ್ಮರು! ಅಷ್ಟರಲ್ಲಿ ಪರದೆಯ ಹಿಂದಿನಿಂದ ಗೆಜ್ಜೆ ಕಟ್ಟಿದ ಅಪೂರ್ವಾ ಓಡಿಬಂದು ಅಮ್ಮನ ಸೊಂಟಕ್ಕೆ ಜೋತುಬಿದ್ದಳು.

"ಮಮ್ಮಿ! ಈಸ್ ಅಜ್ಜಿ ಬೆಟರ್ ನೌ?"

"ಹೂಂ ಅಂದ್ಬಿಡಿ, ಹೂಂ ಅಂದ್ಬಿಡಿ" ಅಂತ ಬದರಿನಾಥರು ಪಿಸುಗುಟ್ಟಿದರು. ಮೈಕ್ ಕೈಯಲ್ಲೇ ಇತ್ತು. ಆ ಪಿಸುಮಾತು ಕೊನೆಯ ಸಾಲಿನವರಿಗೂ ಕೇಳಿಸಿತು.

ಒಂದು ಹೂಂ ಅಂದಿದ್ದರೆ ಎಲ್ಲರ ಮರ್ಯಾದೆ ಉಳಿಯುತ್ತಿತ್ತು. ವಚನಾ ಮಗಳ ಮುಂದೆ ಮಂಡಿಯೂರಿದಳು.

"ಅಜ್ಜಿಗೆ ಏನೂ ಆಗಿಲ್ಲವ್ವಾ. ನಾ ತಪ್ಪು ಮಾಡಿದ್ದೆ. ಜೈಲಿನ್ಯಾಗ ಇದ್ದೆ."

ಬದರಿನಾಥರು ಫೋಟೋಗೆಂದು ಮಾಡಿಸಿದ್ದ ದೊಡ್ಡ ರಟ್ಟಿನ ಚೆಕ್ಕನ್ನು ಮೆಲ್ಲಗೆ ಕಂಕುಳಿಗೆ ಸೇರಿಸಿದರು. "ಇದರ ಬಗ್ಗೆ ಕಮಿಟಿಲಿ ಇನ್ನೊಂದ್ಸಲ ಡಿಸ್ಕಸ್ ಮಾಡಿ..."

ನನಗೆ ರೇಗಿತು. ವೇದಿಕೆ ಹತ್ತಿ ಇನ್ನೊಂದು ತುದಿ ಹಿಡಿದು ಎಳೆದೆ. "ಏನ್ ಡಿಸ್ಕಸ್ರೀ ಸರ? ನಮ್ಮೋರು ಅಲ್ಲಂದ್ರ ಶಾಲು, ನಮ್ಮೋರಾದ್ರ ಕಮಿಟಿ? ಇಷ್ಟು ಮಂದಿ ಮುಂದ ಕೊಡ್ತೀನಂದೀರಿ, ಕೊಡ್ರಿ!" ಫೋಟೋದವನು ಅಭ್ಯಾಸಬಲದಿಂದ ಕ್ಲಿಕ್ಕಿಸಿದ. ಫ್ಲ್ಯಾಷ್ ಬೆಳಗಿದ ಕೂಡಲೇ ಬದರಿನಾಥರು, ಅವರೂ ಅಭ್ಯಾಸಬಲದಿಂದಲೇ, ನಕ್ಕು ಚೆಕ್ ಬಿಟ್ಟುಕೊಟ್ಟರು. ಮನೆ ಉಳಿಯಿತು.

ನನ್ನ ಬೆನ್ನ ಹಿಂದೆ ಮಗು ಅಮ್ಮನನ್ನು ಕೇಳುತ್ತಿತ್ತು: "ದೆನ್ ವೈ ಡಿಡಂಟ್ ಯೂ ಕಾಲ್ ಮಿ?"

"ಮಾಡೀನವ್ವಾ" ಅಂದಳು ವಚನಾ. "ಪ್ರತಿ ಐತವಾರ, ಅಪ್ಪನ ಫೋನಿಗೆ ಮಾಡೀನಿ."

ಅಪೂರ್ವಾ ತಿರುಗಿ, ಮೊದಲನೆಯ ಸಾಲಿನಲ್ಲಿ ಕುಳಿತಿದ್ದ ಅಪ್ಪನನ್ನು ನೋಡಿದಳು.