ಮೇಸ್ತ್ರಿಯ ಮೂಗು

ತಂಗಿಯ ಗಂಡನನ್ನು ಕಂಡರೆ ದೊಡ್ಡವಳಿಗೆ ಹೊಟ್ಟೆ ಉರಿಯುತ್ತಿತ್ತು. ಸುತ್ತಿ ಬಳಸಿ ಹೇಳಿ ಪ್ರಯೋಜನವಿಲ್ಲ, ಉರಿಯುತ್ತಿತ್ತು ಅಂದರೆ ಉರಿಯುತ್ತಿತ್ತು. ಹದಿನೆಂಟು ವರ್ಷದಿಂದ ಅಪ್ಪನ ಗ್ಯಾರೇಜಿನಲ್ಲಿ ಮೈಕೈಗೆಲ್ಲ ಗ್ರೀಸು ಮೆತ್ತಿಕೊಂಡು ದುಡಿದವಳು ಅವಳು. ಕಾರಿನಡಿ ಮಲಗಿದ ಅಪ್ಪ ಕೈ ಚಾಚಿದರೆ, ಎಷ್ಟನೇ ನಂಬರಿನ ಸ್ಪ್ಯಾನರ್ ಎಂದು ಕೇಳದೆ ಕೈಗಿಟ್ಟವಳು ಅವಳು. ಅವನೋ, ಅಳಿಯನಾಗಿ ಬಂದು ಮೂರು ವರ್ಷ. ಅಷ್ಟಕ್ಕೇ ಅಪ್ಪನ ಬಾಯಲ್ಲಿ ಬೆಳಗಾದರೆ ಅಳಿಯ, ಸಂಜೆಯಾದರೆ ಅಳಿಯ. ಈಚೆಗಂತೂ ಯಾವ ಗಾಡಿ ಬಂದರೂ ಅವನು ಪಕ್ಕದಲ್ಲಿ ನಿಂತಿರಲೇಬೇಕು. ಮಾವ ಅಳಿಯ ಇಬ್ಬರೂ ಕಣ್ಣಲ್ಲೇ ಏನೋ ಮಾತಾಡಿಕೊಳ್ಳುವುದು ಬೇರೆ!

ಅವಳಿಗೆ ಬೇಕಾಗಿದ್ದದ್ದು ಗ್ಯಾರೇಜಲ್ಲ, ಅದರ ಚಾವಿಯೂ ಅಲ್ಲ. ನಾಲ್ಕು ಜನರ ಎದುರು ಅಪ್ಪ ಒಂದೇ ಒಂದು ಸಲ "ಭೇಷ್ ಮಗಳೇ" ಅಂದಿದ್ದರೆ ಸಾಕಿತ್ತು. ಆ ಪುಣ್ಯಾತ್ಮ ಹದಿನೆಂಟು ವರ್ಷದಲ್ಲಿ ಅಂದಿರಲಿಲ್ಲ.

ಅಪ್ಪನನ್ನು ಎಲ್ಲರೂ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಬಾನೆಟ್ ಎತ್ತುವ ಮೊದಲು ಮೂಗಿನಲ್ಲೇ ರೋಗ ಹಿಡಿಯುವ ಮನುಷ್ಯ. ಸುಟ್ಟ ಕ್ಲಚ್ಚು, ಒಸರುವ ಪೆಟ್ರೋಲು, ಎಂಜಿನ್ನನ್ನು ತಂಪಾಗಿಡುವ ಕೂಲಂಟು, ಎಲ್ಲವನ್ನೂ ಮೂಸಿಯೇ ಹೇಳುತ್ತಿದ್ದ. ಅವನು ಮೂಸಿ ಹೇಳಿದ ಮೇಲೆ ಮುಗಿಯಿತು, ಇನ್ನೊಬ್ಬರು ಉಸಿರೆತ್ತುವಂತಿರಲಿಲ್ಲ.

ಗುರುವಾರ ನಿವೃತ್ತ ಪೋಸ್ಟ್ ಮಾಸ್ಟರು ತಮ್ಮ ಇಪ್ಪತ್ತೆರಡು ವರ್ಷದ ಕಾರು ತಂದು ನಿಲ್ಲಿಸಿದರು. ದಿನಕ್ಕೆ ಅರ್ಧ ಲೀಟರ್ ಕೂಲಂಟ್ ಕುಡಿಯುತ್ತದೆಯಂತೆ, ಕೆಳಗೆ ನೋಡಿದರೆ ಒಂದು ಹನಿ ಇಲ್ಲವಂತೆ. ಆಗ ದೊಡ್ಡವಳು ಬ್ರೇಕಿನ ಸಾಮಾನು ತರಲು ಹೊರಗೆ ಹೋಗಿದ್ದಳು. ಬಂದು ಕೇಳಿದಾಗ ಅಳಿಯ, "ಒಳಗೆಲ್ಲ ನೋಡಿ ಆಯ್ತು ಅಕ್ಕಾ, ಹೀಟರ್ ಸರಿಯಾಗಿದೆಯಂತೆ. ಹೋಸ್ ಪೈಪು, ರೇಡಿಯೇಟರ್ ಮುಚ್ಚಳ ಬದಲಾಯಿಸ್ತಿದೀನಿ" ಅಂದ. ನೋಡಿದ್ದು ಯಾರು ಎಂದು ಅವಳು ಕೇಳಲಿಲ್ಲ. ಇನ್ಯಾರು, ಈ ಮಹಾನುಭಾವನೇ ಇರಬೇಕು ಅಂದುಕೊಂಡಳು.

ಶುಕ್ರವಾರ ಹೋಸು ಬದಲಾಯಿತು, ಮುಚ್ಚಳ ಬದಲಾಯಿತು. ಕೂಲಂಟ್ ಮಾತ್ರ ಇಳಿಯುತ್ತಲೇ ಇತ್ತು. "ಈಗಿನ ಪಾರ್ಟುಗಳೇ ಸರಿಯಿಲ್ಲ, ಪಾಪ ಅವನೇನು ಮಾಡ್ತಾನೆ" ಎಂದು ಅಪ್ಪ ಅಳಿಯನ ಪರ ವಹಿಸಿದ. ಪಾಪವಂತೆ ಪಾಪ! ಇದೇ ತಪ್ಪನ್ನು ಅವಳು ಮಾಡಿದ್ದರೆ ಜನ್ಮ ಜಾಲಾಡಿಬಿಡುತ್ತಿದ್ದ.

ಶನಿವಾರ ಬೆಳಗ್ಗೆ ಆ ಕಾರನ್ನು ನೆರಳಿಗೆ ಸರಿಸಲೆಂದು ದೊಡ್ಡವಳು ಬಾಗಿಲು ತೆರೆದಳು. ಗಪ್ಪೆಂದು ಮೂಗಿಗೆ ಬಡಿಯಿತು ಸಕ್ಕರೆ ಪಾಕದಂಥ ಸಿಹಿ ವಾಸನೆ. ಮುಂದಿನ ಗಾಜಿನ ಒಳಮೈ ಮೇಲೆ ಜಿಡ್ಡು ಜಿಡ್ಡು ಮಂಜು. ಡ್ರೈವರ್ ಪಕ್ಕದ ಸೀಟಿನ ಮುಂದಿನ ಕಾಲುಹಾಸು ಎತ್ತಿದರೆ ಬೆರಳೆಲ್ಲ ಕೂಲಂಟಿನ ಹಸಿರು. ಅನುಮಾನಕ್ಕೆ ಜಾಗವೇ ಬೇಡವೆಂದು ರೇಡಿಯೇಟರಿನ ಬಾಯಿಗೆ ಕೈಪಂಪು ಕಚ್ಚಿಸಿ ಗಾಳಿ ಒತ್ತಿದಳು. ಪಂಪಿನ ಮೇಲೆ ಒತ್ತಡ ತೋರಿಸುವ ಮುಳ್ಳು ನಿಧಾನವಾಗಿ ಇಳಿಯಿತು, ಎಂಜಿನ್ನಿನ ಕೆಳಗೆ ಮಾತ್ರ ಒಣ ನೆಲ. ಡ್ಯಾಶ್‌ಬೋರ್ಡಿನ ಹಿಂದೆ ಕೂತಿರುವ ಹೀಟರಿನ ಪುಟ್ಟ ರೇಡಿಯೇಟರೇ ತೂತು ಬಿದ್ದಿತ್ತು. ಸಿಕ್ಕಿಬಿದ್ದೆಯಲ್ಲೋ ಅಳಿಯದೇವರೇ ಎಂದು ಅವಳು ಒಳಗೊಳಗೇ ಕುಣಿದಳು.

ಆಗಲೇ ಕರೆದು ಹೇಳಬಹುದಿತ್ತು. ಹೇಳಲಿಲ್ಲ. ಹತ್ತು ಗಂಟೆಗೆ ಪೋಸ್ಟ್ ಮಾಸ್ಟರು ಬರುವವರಿದ್ದರು, ಪಕ್ಕದ ಟೈರಿನಂಗಡಿಯವನೂ ಆ ಹೊತ್ತಿಗೆ ಹರಟೆಗೆ ಬಂದು ಕೂರುತ್ತಿದ್ದ. ಇವನ ಮಾನ ಹರಾಜಾಗುವುದಿದ್ದರೆ ಜನರ ಎದುರೇ ಆಗಲಿ.

"ಏನ್ ಮೇಸ್ತ್ರಿ, ಸಿಕ್ಕಿದನಾ ಕಳ್ಳ?" ಎನ್ನುತ್ತಲೇ ಬಂದರು ಪೋಸ್ಟ್ ಮಾಸ್ಟರು.

"ನಾನು ತೋರಿಸ್ತೀನಿ ಬನ್ನಿ ಸಾರ್" ಎಂದು ದೊಡ್ಡವಳು ಕಾರಿನ ಬಾಗಿಲು ತೆರೆದಳು. ಹಸಿ ಕಾಲುಹಾಸು ಎತ್ತಿ ಎಲ್ಲರಿಗೂ ತೋರಿಸಿ, ಅಳಿಯನನ್ನೇ ದುರುಗುಟ್ಟಿ ನೋಡಿದಳು. "ಒಳಗೆ ಕೂತು ನೋಡಿದವರಿಗೆ ಈ ವಾಸನೆ ತಿಳೀಲಿಲ್ವಾ? ಇಷ್ಟೂ ಗೊತ್ತಾಗದ ಮೂಗು ಇಟ್ಕೊಂಡು ಗ್ಯಾರೇಜಲ್ಲಿ ಯಾಕಿರಬೇಕು? ಮನೇಲಿ ಬಿದ್ಕೊಳ್ಳೋದಪ್ಪ!"

ಟೈರಿನಂಗಡಿಯವನು ಕಿಸಕ್ಕೆಂದ. ಪೋಸ್ಟ್ ಮಾಸ್ಟರು ಮಾತ್ರ, "ಅಲ್ಲಮ್ಮಾ, ಗುರುವಾರ ಒಳಗೆ ಕೂತು ನೋಡಿದ್ದು..." ಎಂದು ಅಪ್ಪನತ್ತ ತಿರುಗಿದರು.

"ನಾನೇ ಸಾರ್" ಎಂದು ಅಳಿಯ ನಡುವೆ ಬಾಯಿ ಹಾಕಿದ. "ಮೊದಲು ಮಾವ ಕೂತ್ರು, ಆಮೇಲೆ ನೀನೂ ಒಂದ್ಸಲ ಸರಿಯಾಗಿ ನೋಡು ಅಂದ್ರು. ನಾನೇ ಉಡಾಫೆ ಮಾಡ್ದೆ. ಅಕ್ಕ ಬೈದಿದ್ದು ಸರಿಯಾಗೇ ಇದೆ."

ಅಪ್ಪನ ಮುಖ ಬಿಳಿಚಿಕೊಂಡಿತ್ತು. ನೆಲ ನೋಡುತ್ತ, "ಭೇಷ್ ಮಗಳೇ" ಅಂದ. ಹದಿನೆಂಟು ವರ್ಷ ಕಾದ ಮಾತು, ನಾಲ್ಕು ಜನರ ಎದುರೇ ಬಂತು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಡ್ಯಾಶ್‌ಬೋರ್ಡ್ ಬಿಚ್ಚುವುದು ಒಬ್ಬರ ಕೆಲಸವಲ್ಲ. ಅವಳೂ ಅಳಿಯನೂ ಸೇರಿ ಮಧ್ಯಾಹ್ನದ ಹೊತ್ತಿಗೆ ತೂತು ಬಿದ್ದದ್ದನ್ನು ಹೊರಗೆಳೆದರು. "ಹೊಸದು ಎಲ್ಲಿ ಸಿಗುತ್ತೋ, ಹುಡುಕಬೇಕು" ಎಂದು ಅವಳು ಎದ್ದಳು. ಅಳಿಯ ಒಳಗೆ ಹೋಗಿ, ಕಪಾಟಿನ ಹಳೇ ಬಟ್ಟೆಗಳ ಅಡಿಯಿಂದ ಒಂದು ಹೊಸ ಪೆಟ್ಟಿಗೆ ತಂದಿಟ್ಟ. ಅದೇ ಕಾರಿನ ಹೀಟರ್ ರೇಡಿಯೇಟರ್.

"ಇದನ್ನ ಯಾವಾಗ ತಂದೆ?"

"ಗುರುವಾರ ಸಂಜೆ."

"ಅಂದ್ರೆ ಅವತ್ತೇ ನಿನಗೆ ಗೊತ್ತಿತ್ತಾ?"

ಅವನು ಪೈಪು ಕೂರಿಸಿ, ಕ್ಲಿಪ್ಪು ಬಿಗಿದು, ಕೂಲಂಟ್ ತುಂಬಿ, ಕೈಪಂಪು ಹಚ್ಚಿದ. ಗಾಳಿ ಒತ್ತಿದ ಮೇಲೆ ಕಾಲು ಗಂಟೆ ಮುಳ್ಳು ನೋಡುತ್ತ ಕೂರಬೇಕು. ಆಗ ಅವಳು ಬಿಡಲಿಲ್ಲ. "ಈಗ ಬೊಗಳ್ತೀಯೋ ಇಲ್ವೋ?"

"ಮಾವನಿಗೆ ವಾಸನೆ ಗೊತ್ತಾಗಲ್ಲ ಅಕ್ಕಾ" ಎಂದ ಅವನು ಮೆಲ್ಲಗೆ. "ವಾರಗಟ್ಟಲೆ ಮಲಗಿದ್ರಲ್ಲ, ಆ ಜ್ವರ ಬಂದು ಹೋದಾಗಿಂದ. ಎಂಟು ತಿಂಗಳಾಯ್ತು. ನಾನು ಪಕ್ಕದಲ್ಲಿ ನಿಂತು ಕಣ್ಣಲ್ಲೇ ಹೇಳಿಬಿಡ್ತಿದ್ದೆ. ಗುರುವಾರ ನಾನು ಇನ್ನೊಂದು ಗಾಡಿ ಕೆಳಗಿದ್ದೆ. ಪೋಸ್ಟ್ ಮಾಸ್ಟ್ರು ಎದುರಿಗೇ ನಿಂತಿದ್ರಲ್ಲ, ಮಾವ ಒಬ್ಬರೇ ಕೂತು ಮೂಸಿ, ಒಳಗೇನೂ ಇಲ್ಲ ಅಂದ್ಬಿಟ್ರು. ಆಮೇಲೆ ಬಾಗಿಲು ತೆಗೆದ ಕೂಡ್ಲೇ ನನಗೆ ವಾಸನೆ ಬಂತು, ಆದ್ರೆ ಅವರು ಅಂದ ಮೇಲೆ ನಾನು ಹೇಗೆ ಅಲ್ಲ ಅನ್ಲಿ? ನಾಳೆ ಭಾನುವಾರ, ಮಾವ ಗ್ಯಾರೇಜಿಗೆ ಬರಲ್ಲ. ಸದ್ದಿಲ್ಲದೆ ಹಾಕಿಬಿಡೋಣ ಅಂತಿದ್ದೆ."

ಮುಳ್ಳು ಇಳಿಯದೆ ನಿಂತಿತ್ತು. ಬಾಗಿಲ ಬಳಿ ಅಪ್ಪ ಯಾರದೋ ಸ್ಕೂಟರಿನ ಮುಂದೆ ನಿಂತು ಬೇಕಾದ್ದಕ್ಕಿಂತ ಜೋರಾಗಿ ಮಾತಾಡುತ್ತಿದ್ದ.

"ನನಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಮಾತ್ರ ಹೇಳ್ಬೇಡ ಅಂತ ಆಣೆ ಹಾಕಿಸ್ಕೊಂಡ್ರು. ಊರೆಲ್ಲ ನಕ್ಕರೂ ತಡ್ಕೋತೀನಿ, ದೊಡ್ಡವಳ ಎದುರು ಸಣ್ಣವನಾಗಲಾರೆ ಅಂದ್ರು."

ಇದನ್ನು ಕೇಳಿ ದೊಡ್ಡವಳು ಕರಗಿ ನೀರಾದಳು ಎಂದರೆ ಅರ್ಧ ಸುಳ್ಳಾಗುತ್ತದೆ. ಕಣ್ಣು ತುಂಬಿದ್ದು ನಿಜ, ಜನ ಸೇರಿಸಿಕೊಂಡು ತಾನು ತೆಗೆದದ್ದು ಯಾರ ಮಾನವನ್ನು ಎಂದು ಎದೆ ಧಸಕ್ಕೆಂದದ್ದೂ ನಿಜ. ಆದರೆ ಅದರ ಹಿಂದೆಯೇ ಆ ಹಳೇ ಉರಿ ಎದ್ದು ಬಂತು, ಮೊದಲಿಗಿಂತ ಜೋರಾಗಿ. ಇಷ್ಟು ದಿನ ಉರಿದದ್ದು ಸ್ಪ್ಯಾನರಿಗೆ, ಹೊಗಳಿಕೆಗೆ. ಅಪ್ಪ ತನ್ನ ಭಯವನ್ನು ಇಟ್ಟದ್ದು ಇವನ ಕೈಯಲ್ಲಿ. ಅದನ್ನು ಕಾಪಾಡಲು ಇವನು ಎಲ್ಲರ ಎದುರು ಛೀಮಾರಿ ಹಾಕಿಸಿಕೊಂಡು ಸುಮ್ಮನೆ ನಿಂತಿದ್ದ.

"ನಿನಗೆ ಹೇಳುವಾಗ..." ಎಂದು ಅವಳು ಬಾಗಿಲತ್ತ ನೋಡಿದಳು. "ಅಪ್ಪ ಅತ್ತನಾ?"

"ಹೂಂ ಅಕ್ಕಾ."

ಹುಟ್ಟಿದಾಗಿನಿಂದ ಅಪ್ಪ ಅತ್ತದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ.